ಹೆರಿಗೆ ಕೋಣೆಯಲ್ಲಿ ಕಾಯುವವರು ಯಾರು?

ಮಾನ್ಯ ಓದುಗರೇ,

ಇಬ್ಬರು ಸೊಸೆಯರಿಗೂ ಸಿಸೇರಿಯನ್ ಆದದ್ದನ್ನು ತಿಳಿಸಿ, ‘ಈಗಿನ ಹೆಣ್ಣುಮಕ್ಕಳಿಗೆ ನೋವು ತಿನ್ನುವ ತಾಳ್ಮೆಯಿಲ್ಲವೋ, ವೈದ್ಯರಿಗೆ ದುಡ್ಡಿನಾಸೆಯೋ? ಚಿಕ್ಕ ಸೊಸೆಗೆ ಮುಂದಿನದಾದರೂ ಸಹಜ ಹೆರಿಗೆಯಾದೀತೆ?’ ಎಂದು ಕೇಳಿದ್ದೀರಿ. ದುಡ್ಡಿನ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ತಾಳ್ಮೆಯ ಮಾತನ್ನು ಮಾತ್ರ ಒಪ್ಪಲಾರೆವು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ, 1990ರ ಸುಮಾರಿಗೆ ಜಗತ್ತಿನಲ್ಲಿ ಶೇ. 7ರಷ್ಟಿದ್ದ ಸಿಸೇರಿಯನ್ ಪ್ರಮಾಣ ಶೇ. 21ಕ್ಕೇರಿದೆ. ತಡವಾಗಿ ಬಸುರಾಗುವುದು, ಹೆಚ್ಚಿದ ತೂಕ, ಸಕ್ಕರೆ ಕಾಯಿಲೆ ಇವೆಲ್ಲ ಒಂದಿಷ್ಟು ಕಾರಣ ಹೌದು. ಆದರೆ ಒಂದೇ ತಲೆಮಾರಿನಲ್ಲಿ ಹೆಂಗಸರ ಶರೀರ ಇಷ್ಟೊಂದು ಬದಲಾಗಿರಲಾರದು. ಬದಲಾದದ್ದು ಹೆರಿಗೆ ಕೋಣೆ.

ಅಲ್ಲಿ ಬಸುರಿಯ ಹೊಟ್ಟೆಗೆ ಪಟ್ಟಿ ಬಿಗಿದ ಯಂತ್ರವೊಂದು ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಾ ಹೋಗುತ್ತದೆ. ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕಾದ ಆ ಗೆರೆ ನೋವು ಬಂದಾಗ ಒಮ್ಮೆ ಕುಸಿದು ಮತ್ತೆ ಮೇಲೇಳುವುದುಂಟು. ಅನೇಕ ಸಲ ಮಗು ಚೆನ್ನಾಗಿಯೇ ಇರುತ್ತದೆ, ಆದರೆ ನಾಳೆ ಕೋರ್ಟಿಗೆ ಹೋದರೆ ಸಾಕ್ಷಿಯಾಗುವುದು ಅದೇ ಕಾಗದ. ಕಾದು ಕುಳಿತ ವೈದ್ಯರನ್ನು ಎಲ್ಲರೂ ಪ್ರಶ್ನಿಸುತ್ತಾರೆ, ಕೊಯ್ದವರನ್ನು ಯಾರೂ ಕೇಳುವುದಿಲ್ಲ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲವೆಂದು ಅದೇ ಸಂಸ್ಥೆ 2018ರಲ್ಲೇ ಹೇಳಿದ್ದರೂ, ‘ಹೆರಿಗೆ ಮುಂದುವರಿಯುತ್ತಿಲ್ಲ’ ಎಂಬ ಷರಾ ಬೀಳುವುದು ನಿಂತಿಲ್ಲ. ದಿನ ಗೊತ್ತುಮಾಡಿ ಮುಕ್ಕಾಲು ಗಂಟೆಯಲ್ಲಿ ಮುಗಿಸಬಹುದಾದ ಕೆಲಸಕ್ಕೆ ರಾತ್ರಿಯಿಡೀ ಎಚ್ಚರವಿರುವವರು ಯಾರು? ತಾಳ್ಮೆ ತಪ್ಪಿದ್ದು ಇಲ್ಲಿ, ಬಸುರಿಯಲ್ಲಲ್ಲ. ಇನ್ನು ನೋವಿಗೆ ಹೆದರಿ ತಾವಾಗಿಯೇ ಸಿಸೇರಿಯನ್ ಕೇಳುವವರಿದ್ದರೆ, ನೋವು ತಗ್ಗಿಸುವ ಚುಚ್ಚುಮದ್ದನ್ನಾಗಲಿ ಪಕ್ಕದಲ್ಲೊಬ್ಬ ಆಪ್ತರನ್ನಾಗಲಿ ಅವರಿಗೆ ಒದಗಿಸಲಾಗಿತ್ತೇ ಎಂದು ಮೊದಲು ವಿಚಾರಿಸಬೇಕು.

ಹೊಟ್ಟೆಯಲ್ಲಿ ಮಗುವಿಗೆ ಪೋಷಣೆ ಒದಗಿಸುವ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಅಲ್ಲಿ ವಾದಕ್ಕೆ ಎಡೆಯಿಲ್ಲ. ತೊಡಕಿರುವುದು ಅಗತ್ಯವಿಲ್ಲದ ಮೊದಲ ಸಿಸೇರಿಯನ್ನಿನಲ್ಲಿ, ಏಕೆಂದರೆ ಅದು ಎರಡನೆಯದನ್ನು ಕರೆದು ತರುತ್ತದೆ. ಹೊಲಿಗೆಗಳು ಹೆಚ್ಚಿದಷ್ಟೂ ಮುಂದಿನ ಬಸುರಿನಲ್ಲಿ ಮಾಸು ಆ ಗಾಯದ ಕಲೆಯೊಳಗೆ ಬೇರುಬಿಟ್ಟು ವಿಪರೀತ ರಕ್ತಸ್ರಾವವಾಗುವ ಅಪಾಯವೂ ಹೆಚ್ಚುತ್ತದೆ.

ನಿಮ್ಮ ಚಿಕ್ಕ ಸೊಸೆಗೆ ಸಹಜ ಹೆರಿಗೆಯ ಬಾಗಿಲು ಮುಚ್ಚಿಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಸಂಭವ ಸಾವಿರಕ್ಕೆ ಐದರ ಆಸುಪಾಸು. ಆದರೆ ಹಾಗಾದ ಗಳಿಗೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿದರೆ ಒಳಗಿನ ಕೊಯ್ತ ತಿಳಿಯುವುದಿಲ್ಲ. ಆದ್ದರಿಂದ ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಆಸ್ಪತ್ರೆಯಿಂದ ಈಗಲೇ ಕೇಳಿ ಪಡೆದು, ಮುಂದಿನ ಬಸುರಿನ ಮೊದಲ ಭೇಟಿಯಲ್ಲೇ ವೈದ್ಯರ ಮುಂದಿಡಲು ಹೇಳಿ.

– ಸಂಪಾದಕ