ಕೆಚ್ಚಲು ನೋಡಿ ನಿದ್ದೆಗೆಡಬೇಡಿ, ಬಾಲದ ಬುಡ ಮುಟ್ಟಿ ನೋಡಿ

ಪ್ರಶ್ನೆ: ನಮ್ಮದು ಎರಡೇ ಹಸುವಿನ ಕೊಟ್ಟಿಗೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕಡಸಿಗೆ ಇದು ಚೊಚ್ಚಲ ಗಬ್ಬ. ಹದಿನೈದು ದಿನದಿಂದ ಕೆಚ್ಚಲು ಇಳಿದಿದೆ. ನೋಡಿದವರೆಲ್ಲ ಇವತ್ತೇ ಕರು ಹಾಕುತ್ತದೆ ಅಂತಾರೆ. ರಾತ್ರಿ ಕಾದು ಕಾದು ಸಾಕಾಗಿದೆ. ಯಾವ ಲಕ್ಷಣ ನಂಬಬೇಕು ಡಾಕ್ಟ್ರೇ?
– ರೈತ ಮಹಿಳೆ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಮೊದಲು ಗಬ್ಬಕ್ಕೆ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ ಚೀಟಿ ಹುಡುಕಿ ಅಮ್ಮ. ಆ ದಿನದಿಂದ ಸುಮಾರು 280 ದಿನ ಎಣಿಸಿ. ಒಂದು ವಾರ ಹಿಂದೆ ಮುಂದೆ ಆಗಬಹುದು. ಚೊಚ್ಚಲ ಕಡಸಿಗೆ ಕೆಚ್ಚಲು ತಿಂಗಳು ಮೊದಲೇ ಇಳಿಯುವುದುಂಟು. ಅದೊಂದನ್ನೇ ನಂಬಿ ಸುಮ್ನೆ ನಿದ್ದೆಗೆಡಬೇಡಿ.

ದಿನಾ ಸಂಜೆ ಮೇವು ಹಾಕುವಾಗ ಬಾಲದ ಬುಡದ ಎರಡೂ ಪಕ್ಕ ಬೆರಳಿಟ್ಟು ಒತ್ತಿ ನೋಡಿ. ಅಲ್ಲೊಂದು ದಪ್ಪ ನರ ಸಿಗುತ್ತದೆ. ಮಾಮೂಲಿ ದಿನಗಳಲ್ಲಿ ಅದು ಎಳೆದು ಕಟ್ಟಿದ ಹಗ್ಗದ ಹಾಗೆ ಬಿಗಿ. ದಿನ ತುಂಬಿದಂತೆ ಸಡಿಲವಾಗುತ್ತದೆ. ಪೂರ್ತಿ ಮೆತ್ತಗಾಗಿ, ಎರಡೂ ಪಕ್ಕ ಗುಳಿ ಬಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕರು. ಮೈತುಂಬಿದ ಹಸುವಿನಲ್ಲಿ ಗುಳಿ ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಾಗಬೇಕು. ಮನೆಯಲ್ಲಿ ದಿನಾ ಒಬ್ಬರೇ ಮುಟ್ಟಿ ನೋಡಿ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಆ ಕೈಗಷ್ಟೇ ತಿಳಿಯುತ್ತದೆ.

ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ದಿನಾ ಒಂದೇ ಹೊತ್ತಿಗೆ ಗುದದಲ್ಲಿಟ್ಟು ನೋಡಿ. ನಿನ್ನೆಗಿಂತ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಇಳಿದಿದ್ದರೆ ಆ ರಾತ್ರಿ ಎಚ್ಚರವಿರಿ.

ಮೇವು ಬಿಟ್ಟು, ಮಲಗಿ ಎದ್ದು ಮಾಡುತ್ತಾ, ಬಾಲ ಎತ್ತಿಕೊಂಡೇ ನಿಂತರೆ ನೋವು ಶುರುವಾಗಿದೆ. ಕಡಸಿಗೆ ಇದು ಐದಾರು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಜನ ಸೇರಿಸಬೇಡಿ. ಹಗ್ಗ ಬಿಚ್ಚಿ, ಒಣಹುಲ್ಲು ಹಾಸಿದ ಜಾಗಕ್ಕೆ ಬಿಡಿ. ಕಟ್ಟಿದ ಜಾಗದಲ್ಲೇ ಈದರೆ ಕರು ಹಿಂದಿನ ಗಂಜಲದ ಚರಂಡಿಗೆ ಬೀಳುತ್ತದೆ.

ನೀರಿನ ಚೀಲ ಕಂಡ ಕೂಡಲೇ ಗಡಿಯಾರ ನೋಡಿ. ಎರಡು ಮುಂಗಾಲು, ಅದರ ಮೇಲೆ ಮೂತಿ ಬಂದರೆ ಸರಿಯಾಗಿದೆ. ಗೊರಸಿನ ತಳ ಮೇಲಕ್ಕಿದ್ದರೆ ಅವು ಹಿಂಗಾಲಿರಬಹುದು. ಹಾಗಿದ್ದರೆ, ಒಂದೇ ಕಾಲು ಅಥವಾ ಬರೀ ಬಾಲ ಕಂಡರೆ, ಇಲ್ಲವೇ ಒಂದು ಗಂಟೆ ತಿಣುಕಿದರೂ ಮುಂದುವರಿಯದಿದ್ದರೆ ನಿಮ್ಮ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನಾಲ್ಕು ಜನ ಸೇರಿ ಎಳೆದು ತಾಯಿ, ಕರು ಎರಡನ್ನೂ ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಇನ್ನೊಂದು ಮಾತು. ಕಸ (ಮಾಸು) ಬೀಳುವವರೆಗೆ ಕರುವಿಗೆ ಹಾಲು ಬಿಡದವರು ನಮ್ಮ ಕಡೆ ಇನ್ನೂ ಇದ್ದಾರೆ. ಕಾಯಬೇಡಿ, ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಕಸ 12 ಗಂಟೆಯಾದರೂ ಬೀಳದಿದ್ದರೆ ಎಳೆಯುವುದು, ಕಲ್ಲು ಕಟ್ಟುವುದು ಮಾಡದೆ ಡಾಕ್ಟರನ್ನು ಕರೆಸಿ.