ಓದುವ ಮಗಳಿಗೆ ನನ್ನ ಬಾಲ್ಯದ ಕನ್ನಡ ಪುಸ್ತಕಗಳು ಇಷ್ಟವಾಗುವಂತೆ ಮಾಡುವುದು ಹೇಗೆ?

ಎಂಟು ವರ್ಷದ ಮಗಳು, ಕೈಯಲ್ಲಿ ಯಾವಾಗಲೂ ಪುಸ್ತಕ, ಆದರೆ ಎಲ್ಲವೂ ಇಂಗ್ಲಿಷ್. ನೀವು ಪ್ರೀತಿಯಿಂದ ಎತ್ತಿಟ್ಟಿದ್ದ ಕನ್ನಡ ಪುಸ್ತಕಗಳನ್ನು ಮಾತ್ರ ಮುಟ್ಟುವುದಿಲ್ಲ ಅಂದಿರಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು.

ನಾನು ಬೆಳೆದದ್ದು ಹಾಸನ ಜಿಲ್ಲೆಯಲ್ಲಿ, ಮೇಷ್ಟ್ರ ಮಗಳಾಗಿ. ಮನೆಯಲ್ಲಿ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಇತ್ತು. ತಿಂಗಳಿಗೊಂದರಂತೆ 12 ಸಂಪುಟ, ದಿನಕ್ಕೊಂದು ಕತೆ. ದಿನಾಂಕ ನೋಡಿ ಓದುವಷ್ಟು ತಾಳ್ಮೆ ನನಗೆಲ್ಲಿತ್ತು? ಜನವರಿಯಲ್ಲೇ ಜೂನ್ ಮುಗಿದಿರುತ್ತಿತ್ತು. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳೂ ಇದ್ದವು. ಆ ಮಾಲೆಯಲ್ಲಿ ಒಟ್ಟು 510 ಪುಸ್ತಕಗಳಿವೆ, ನಮ್ಮ ಮನೆಯಲ್ಲಿದ್ದದ್ದು ಒಂದು ಶೂ ಡಬ್ಬಿಯಷ್ಟು. ಚಂದಮಾಮ ಬಂದ ದಿನ ನನಗೂ ತಮ್ಮನಿಗೂ ಕಿತ್ತಾಟ. ಆದರೆ ಎಲ್ಲಕ್ಕಿಂತ ಜಾಸ್ತಿ ಪ್ರೀತಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮೇಲೆ. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಪದ್ಯವನ್ನು ಅವರು ತುಂಗಾ ತೀರಕ್ಕೆ ತಂದದ್ದು ಅಂತ ತಿಳಿದಿದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿಯವರೆಗೆ ಅದು ನನ್ನ ಪಾಲಿಗೆ ಪಕ್ಕದ ಜಿಲ್ಲೆಯಲ್ಲಿ ನಿಜವಾಗಿ ನಡೆದ ಸಂಗತಿ.

ಮಗಳು ಹುಟ್ಟಿದಾಗಲೇ ಇದನ್ನು ಅವಳಿಗೆ ಕೊಡಬೇಕು ಅಂತ ನಿರ್ಧರಿಸಿದ್ದೆ. ಅವಳೂ ಓದುಬುರುಕಿಯೇ ಆದಳು. ಆರು ವರ್ಷ ತುಂಬಿದಾಗ ಕಿಂದರಿಜೋಗಿ ತೆಗೆದೆ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ. ನಾನು ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ಚೆನ್ನಾಗಿಯೇ ಓದಿದೆ. ಆದರೆ ಪ್ರತಿ ಒಳ್ಳೆಯ ಜಾಗ ಬರುವ ಮೊದಲು ‘ಈಗ ಬರುತ್ತೆ ನೋಡು’ ಅನ್ನುತ್ತಿದ್ದೆ. ಅಪ್ಪ ಇಲಿ, ಮಾವ ಇಲಿ ಅಂತ ಇಲಿಗಳ ನೆಂಟರಿಷ್ಟರೆಲ್ಲ ಬರುವ ಸಾಲುಗಳಿವೆ ಅಲ್ವಾ, ಅಲ್ಲಿಗೆ ಬರುವ ಮೊದಲೇ ನನ್ನ ಮುಖ ಅರಳಿರುತ್ತಿತ್ತು. ಓದಿದ ಕೂಡಲೇ ತಿರುಗಿ ಅವಳ ಮುಖ ನೋಡುತ್ತಿದ್ದೆ, ನಕ್ಕಳಾ ಇಲ್ಲವಾ ಅಂತ. ನಕ್ಕರೆ ನನಗೆ ಖುಷಿ. ನಗದಿದ್ದರೆ ಮತ್ತೊಮ್ಮೆ ಓದಿ, ಯಾಕೆ ತಮಾಷೆ ಅಂತ ವಿವರಿಸುತ್ತಿದ್ದೆ. ಮುಗಿದ ಮೇಲೆ ‘ಇಷ್ಟ ಆಯ್ತಾ? ಯಾವುದು ಜಾಸ್ತಿ ಇಷ್ಟ ಆಯ್ತು?’ ಅಂತ ಕೇಳುತ್ತಿದ್ದೆ. ಮಕ್ಕಳು ಜಾಣರು. ಅಮ್ಮನಿಗೆ ಏನು ಬೇಕು ಅಂತ ಬೇಗ ಹಿಡಿದುಬಿಡುತ್ತಾರೆ. ಒಂದು ರಾತ್ರಿ ಬೇರೆ ಪುಸ್ತಕ ಓದುತ್ತಿದ್ದೆ. ನಗುವ ಸಾಲು ಇನ್ನೂ ಮುಂದಿನ ಪುಟದಲ್ಲಿತ್ತು. ಅವಳು ಆಗಲೇ ಜೋರಾಗಿ ನಕ್ಕಳು. ಅವಳು ಕತೆ ಕೇಳುತ್ತಲೇ ಇರಲಿಲ್ಲ. ನನ್ನ ಮುಖ ನೋಡಿಕೊಂಡು, ನನಗೋಸ್ಕರ ನಗುತ್ತಿದ್ದಳು.

ಆಮೇಲೆ ಕನ್ನಡ ಪುಸ್ತಕ ತೆಗೆದರೆ ‘ನಿದ್ದೆ ಬರ್ತಿದೆ ಅಮ್ಮ’ ಅನ್ನತೊಡಗಿದಳು. ಅದೇ ಹುಡುಗಿ ಹೊದಿಕೆಯೊಳಗೆ ಟಾರ್ಚ್ ಹಿಡಿದು ಇಂಗ್ಲಿಷ್ ಪುಸ್ತಕ ಓದುತ್ತಿದ್ದಳು. ಆ ಪುಸ್ತಕಗಳು ಇವಕ್ಕಿಂತ ಚೆನ್ನಾಗಿದ್ದವು ಅಂತಲ್ಲ. ಅಲ್ಲಿ ಅವಳ ಮುಖ ನೋಡುವವರು ಯಾರೂ ಇರಲಿಲ್ಲ. ಒಂದು ವರ್ಷಕ್ಕೂ ಮೇಲೆ ನಮ್ಮಿಬ್ಬರ ನಡುವೆ ಕನ್ನಡ ಕತೆಯೇ ಇರಲಿಲ್ಲ. ಆ ವಯಸ್ಸಿನ ಒಂದು ವರ್ಷ ಎಷ್ಟು ದೊಡ್ಡದು ಅಂತ ನಿಮಗೂ ಗೊತ್ತಿರುತ್ತದೆ. ನನಗೆ ಈಗಲೂ ಸಂಕಟವಾಗುತ್ತದೆ.

ಅದನ್ನು ಸರಿಮಾಡಿದ್ದು ನಾನಲ್ಲ, ನಮ್ಮ ಮನೆಯವರು. ಅವರು ಪುಣೆಯಲ್ಲಿ ಬೆಳೆದವರು. ಕನ್ನಡ ಮಾತು ಸಲೀಸು, ಓದು ನಿಧಾನ. ಕಿಂದರಿಜೋಗಿಯ ಹೆಸರು ಕೇಳಿದ್ದರೇ ಹೊರತು ಓದಿರಲಿಲ್ಲ. ಒಂದು ಭಾನುವಾರ ಸುಮ್ನೆ ಕೈಗೆತ್ತಿಕೊಂಡು, ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಓದಲು ಶುರು ಮಾಡಿದರು. ಒತ್ತಕ್ಷರ ಬಂದಲ್ಲಿ ತಡವರಿಸಿದರು. ಇಲಿಗಳ ನೆಂಟಸ್ತನ ಬಂದಾಗ ಬಿದ್ದು ಬಿದ್ದು ನಕ್ಕರು. ಕತೆ ಮುಂದೆ ಏನಾಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ಗೌಡ ಜೋಗಿಗೆ ಒಪ್ಪಿದ ದುಡ್ಡು ಕೊಡಲಿಲ್ಲ ಅಂದಾಗ ಅವರಿಗೆ ಸಿಟ್ಟೇ ಬಂತು. ಆಚೆ ಮೂಲೆಯಲ್ಲಿದ್ದ ಮಗಳು ಪುಸ್ತಕ ಮಗುಚಿಟ್ಟು ಹತ್ತಿರ ಬಂದಳು. ಮಕ್ಕಳೆಲ್ಲ ಜೋಗಿಯ ಹಿಂದೆ ಹೋದ ಮೇಲೆ ಅಪ್ಪ-ಮಗಳು ಅದು ನ್ಯಾಯವಾ ಅಂತ ಊಟದವರೆಗೂ ವಾದ ಮಾಡಿದರು. ತಪ್ಪು ಮಾಡಿದ್ದು ಗೌಡ, ಮಕ್ಕಳನ್ನು ಯಾಕೆ ಕರೆದುಕೊಂಡು ಹೋಗಬೇಕಿತ್ತು ಅಂತ ಅವಳ ತಕರಾರು. ಅಷ್ಟು ವರ್ಷ ಪದ್ಯವನ್ನು ಪ್ರೀತಿಸಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಷ್ಟವಾಗುವಂತೆ ಮಾಡುವುದು ನಿಮ್ಮ ಕೆಲಸ ಅಲ್ಲ. ಯಾವ ವಯಸ್ಸಿಗೆ ಯಾವ ಪುಸ್ತಕ ಅಂತ ಪಟ್ಟಿ ಕೇಳಿದ್ದೀರಿ, ಅದೂ ಈಗ ಬೇಡ. ನಿಮ್ಮ ಅತಿ ಪ್ರೀತಿಯ ಪುಸ್ತಕವನ್ನು ಅವಳಿಗೆ ಓದಲು ನಿಮ್ಮಷ್ಟು ಅಯೋಗ್ಯರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದನ್ನು ಓದದ ಯಾರಿಗಾದರೂ ಕೊಡಿ: ಗಂಡ, ತಂಗಿ, ಅಜ್ಜಿ, ಯಾರಾದರೂ ಸರಿ. ಅವಳ ಜೊತೆ ನೀವು ಓದುವುದು ನಿಮಗೂ ಹೊಸದಾಗಿರಲಿ.

ನಾವಿಬ್ಬರೂ ‘ತೊತ್ತೋಚಾನ್’ ಕನ್ನಡದಲ್ಲಿ ಓದಿದ್ದು ಹೀಗೆ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಶಾಲೆಯ ಬಗ್ಗೆ ಬರೆದದ್ದು. ಹಳೆಯ ರೈಲು ಡಬ್ಬಿಗಳೇ ಅಲ್ಲಿ ತರಗತಿಗಳು. ಅಧ್ಯಾಯಗಳು ಪುಟ್ಟವು, ಮಲಗುವ ಹೊತ್ತಿಗೆ ಹೇಳಿ ಮಾಡಿಸಿದಂತಿವೆ. ಮೊದಲ ದಿನ ಹೆಡ್ ಮಾಸ್ಟರು ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ನನ್ನ ಮಗಳು ಅಲ್ಲಿ ತಡೆದು, ‘ನೀನೂ ಹಂಗೆ ಕೇಳು, ಮಧ್ಯೆ ಏನೂ ಕೇಳಬಾರದು’ ಅಂದಳು. ಕೇಳಿದೆ.

ಅವಳ ಕನ್ನಡ ಓದು ನಿಧಾನ ಅಂತ ಚಿಂತೆ ಮಾಡಿದ್ದೀರಿ. ಅದಕ್ಕೂ ಗಟ್ಟಿಯಾಗಿ ಓದಿ ಹೇಳುವುದೇ ಮದ್ದು. ಕಿವಿಗೆ ಮೊದಲೇ ಗೊತ್ತಿರುವ ಸಾಲನ್ನು ಕಣ್ಣು ಸಲೀಸಾಗಿ ಹಿಡಿಯುತ್ತದೆ. ಅವಳೇ ಓದುವಾಗ ತಪ್ಪು ತಿದ್ದಬೇಡಿ, ಅರ್ಥ ಕೇಳಬೇಡಿ. ಸಣ್ಣ ಸಣ್ಣ ಸಾಲಿನ ಕತೆ ಬೇಕಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ. ಮಗುವಿಗೆ ಮುಜುಗರವಾಗದ ಹಾಗೆ ಒಂದು ಮಟ್ಟ ಕೆಳಗಿಂದಲೇ ಶುರು ಮಾಡಿ.

ಹಳೆಯ ಕತೆಗಳಲ್ಲಿ ಕೆಟ್ಟ ಮಲತಾಯಿ, ಕ್ರೂರ ಶಿಕ್ಷೆ ಎಲ್ಲ ಬರುತ್ತದೆ, ಬಿಟ್ಟು ಓದಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಅವಳು ಜಗಳ ಆಡಲಿ. ಚಂದಮಾಮದ ಬೇತಾಳ ಕತೆಗಳು ನಮಗೆ ಒಗ್ಗಿದ್ದೇ ಅದಕ್ಕೆ: ಕೊನೆಗೆ ಬೇತಾಳ ಪ್ರಶ್ನೆ ಹಾಕುತ್ತದೆ, ವಿಕ್ರಮನ ಉತ್ತರಕ್ಕಿಂತ ಮಕ್ಕಳ ಉತ್ತರ ಎಷ್ಟೋ ಸಲ ಚೆನ್ನಾಗಿರುತ್ತದೆ. ಪತ್ರಿಕೆ ಈಗ ಬರುವುದಿಲ್ಲ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿ.

ಇನ್ನೊಂದು ವಿಷಯ. ನಿಮ್ಮ ಬಾಲ್ಯದ ಪ್ರತಿಯನ್ನೇ ಅವಳಿಗೆ ಕೊಡಬೇಡಿ. ಅಪ್ಪನ ಸಹಿ ಇರುವ ಆ ಹಾಳೆಯ ಮೇಲೆ ಅವಳು ಜ್ಯೂಸ್ ಚೆಲ್ಲಿದರೆ ನೀವು ಖಂಡಿತ ಬೈಯುತ್ತೀರಿ. ಅವಳಿಗೆ ಬೇರೆ ಪ್ರತಿ ಕೊಂಡುಕೊಡಿ, ಮೊದಲ ಪುಟದಲ್ಲಿ ಅವಳ ಹೆಸರನ್ನು ಅವಳೇ ಬರೆದುಕೊಳ್ಳಲಿ.