ಓದುಗರ ಪ್ರಶ್ನೆ: ಪ್ಲಾನ್ 100 ಎಂಬಿಪಿಎಸ್, ಡೌನ್‌ಲೋಡ್ ಬರೀ 12 ಯಾಕೆ?

ಫೋನ್, ಇಂಟರ್ನೆಟ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ದೂರುಗಳೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 'ನೆಟ್ ಸ್ಲೋ ಇದೆ' ಅಂತಷ್ಟೇ ಹೇಳಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ನೆಟ್ ವಿಷಯದಲ್ಲಿ ಬಳಸುವ ನಾಲ್ಕಾರು ಪದಗಳ ಅರ್ಥ ಗೊತ್ತಿದ್ದರೆ ತೊಂದರೆ ಎಲ್ಲಿದೆ ಅಂತ ನೀವೇ ಬೆರಳಿಟ್ಟು ತೋರಿಸಬಹುದು. ಹಾಗಾಗಿ ಈ ಸಲ ಅಂಥ ಪ್ರಶ್ನೆಗಳನ್ನೇ ಆರಿಸಿದ್ದೇನೆ.

ಪ್ರಶ್ನೆ: ನಮ್ಮದು 100 ಎಂಬಿಪಿಎಸ್ ಪ್ಲಾನ್. ಆದರೆ ದೊಡ್ಡ ಫೈಲ್ ಇಳಿಸಿಕೊಳ್ಳುವಾಗ ಕಂಪ್ಯೂಟರ್ ಸೆಕೆಂಡಿಗೆ 11-12 ಎಂಬಿ ಅಂತ ತೋರಿಸುತ್ತೆ. ಮೋಸ ಆಗ್ತಿದೆಯಾ?

ಇಲ್ಲ, ನಿಮಗೆ ಹೆಚ್ಚುಕಡಿಮೆ ಪೂರ್ತಿ ಸ್ಪೀಡೇ ಸಿಗ್ತಿದೆ. ಕಂಪನಿಯವರು ಸ್ಪೀಡನ್ನು ಬಿಟ್ ಲೆಕ್ಕದಲ್ಲಿ ಹೇಳುತ್ತಾರೆ (ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಕಂಪ್ಯೂಟರ್ ಫೈಲನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತೆ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅದರಲ್ಲೂ ಪ್ರತಿ ತುಣುಕು ಡೇಟಾ ಜೊತೆ ಎಲ್ಲಿಗೆ ಹೋಗಬೇಕು, ಎಲ್ಲಿಂದ ಬಂತು ಅನ್ನೋ ವಿವರವೂ ಹೋಗುತ್ತಲ್ವಾ, ಅದಕ್ಕೆ ಸ್ವಲ್ಪ ಕಳೆದರೆ ನೀವು ನೋಡಿದ 11-12 ಸರಿಯಾಗೇ ಇದೆ. 1 ಜಿಬಿ ಫೈಲ್ ಇಳಿಯೋಕೆ 80ರಿಂದ 90 ಸೆಕೆಂಡ್ ಹಿಡಿದರೆ ಲೈನ್ ಚೆನ್ನಾಗಿದೆ ಅಂತಲೇ ಅರ್ಥ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. 300 ಎಂಬಿಪಿಎಸ್ ಪ್ಲಾನ್ ತಗೊಂಡಿರುತ್ತಾರೆ, ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿದರೆ ಪ್ರತಿ ಸಲವೂ 94 ಹತ್ತಿರ ಬಂದು ನಿಂತುಬಿಡುತ್ತೆ. ಬೆಳಗ್ಗೆ ನೋಡಿದರೂ ಅಷ್ಟೇ, ರಾತ್ರಿ ನೋಡಿದರೂ ಅಷ್ಟೇ. ಅದು ಲೈನಿನ ತಪ್ಪಲ್ಲ. ರೂಟರ್ ಅಥವಾ ಕಂಪ್ಯೂಟರಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಇರಬೇಕು, ಇಲ್ಲವೇ ಲ್ಯಾನ್ ಕೇಬಲ್ ಒಳಗೆ ಒಂದು ತಂತಿ ಕಿತ್ತುಹೋಗಿರಬೇಕು. ಗಿಗಾಬಿಟ್, ಅಂದರೆ 1,000 ಎಂಬಿಪಿಎಸ್ ಸ್ಪೀಡಿಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಹಾಗಾಗಿ ಒಂದು ತಂತಿ ಕೈಕೊಟ್ಟರೂ ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಮೊದಲು ಕೇಬಲ್ ಬದಲಾಯಿಸಿ ನೋಡಿ. ಆಮೇಲೆ ಪ್ಲಾನ್ ಮಾತು.

ಪ್ಲಾನ್ ತಗೊಳ್ಳುವಾಗ ಅಪ್‌ಲೋಡ್ ಎಷ್ಟು ಅಂತಲೂ ಕೇಳಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರೋದು ಸಾಮಾನ್ಯವಾಗಿ ಡೌನ್‌ಲೋಡ್ ಸ್ಪೀಡ್, ಅದೂ ಇಷ್ಟರ 'ವರೆಗೆ' ಅಂತ. ಹಳೆಯ ಟೆಲಿಫೋನ್ ತಂತಿ ಮತ್ತು ಟಿವಿ ಕೇಬಲ್ ಲೈನುಗಳಲ್ಲಿ ಅಪ್‌ಲೋಡ್ ಬಹಳ ಕಡಿಮೆ ಇರುತ್ತೆ. ಫೈಬರ್‌ನಲ್ಲಿ ಎರಡೂ ಸಮ ಇರೋಕೆ ಸಾಧ್ಯ, ಆದರೆ ಪ್ಲಾನಿನಲ್ಲಿ ಹಾಗೆ ಕೊಟ್ಟಿದ್ದಾರಾ ನೋಡಿಕೊಳ್ಳಬೇಕು.

ಪ್ರಶ್ನೆ: ಸ್ಪೀಡ್ ಟೆಸ್ಟಿನಲ್ಲಿ 150 ಬರುತ್ತೆ. ಆದರೂ ವಿಡಿಯೋ ಕಾಲ್‌ನಲ್ಲಿ ಮಾತು ತುಂಡುತುಂಡಾಗುತ್ತೆ. ಇನ್ನೂ ದೊಡ್ಡ ಪ್ಲಾನ್ ಹಾಕಿಸಲಾ?

ದಯವಿಟ್ಟು ಬೇಡ. ವಿಡಿಯೋ ಕಾಲ್‌ಗೆ ಕೆಲವೇ ಎಂಬಿಪಿಎಸ್ ಸಾಕು. ನಿಮ್ಮ ಕಷ್ಟ ಬೇರೆ ಮೂರು ಪದಗಳಲ್ಲಿದೆ: ಲೇಟೆನ್ಸಿ, ಜಿಟ್ಟರ್, ಪ್ಯಾಕೆಟ್ ಲಾಸ್.

ಲೇಟೆನ್ಸಿ ಅಂದರೆ ನಿಮ್ಮಿಂದ ಹೊರಟ ಡೇಟಾ ಆ ಕಡೆ ಮುಟ್ಟಲು ಹಿಡಿಯುವ ಹೊತ್ತು. ಹೋಗಿ ಉತ್ತರ ವಾಪಸ್ ಬರುವ ಹೊತ್ತನ್ನು ಪಿಂಗ್ ಅಂತ ತೋರಿಸುತ್ತಾರೆ, ಲೆಕ್ಕ ಮಿಲಿಸೆಕೆಂಡಿನಲ್ಲಿ. ಮಾತುಕತೆಗೆ ಒಂದು ಕಡೆಯ ಪ್ರಯಾಣ 150 ಮಿಲಿಸೆಕೆಂಡ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಅನ್ನಿಸೋದಿಲ್ಲ. ಅದಕ್ಕಿಂತ ತುಂಬಾ ಮೇಲೆ ಹೋದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸೋದು ಶುರುವಾಗುತ್ತೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ಅಂದರೆ 2,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು 20 ಮಿಲಿಸೆಕೆಂಡ್ ಬೇಕೇ ಬೇಕು, ಅದನ್ನು ಯಾವ ಪ್ಲಾನೂ ಕಡಿಮೆ ಮಾಡಲಾರದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಸ್ಯಾಟಲೈಟ್ ಮೂಲಕ ಹೋದರಂತೂ ಹೋಗಿ ಬರೋಕೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್.

ಜಿಟ್ಟರ್ ಅಂದರೆ ಆ ಹೊತ್ತು ಒಂದೇ ಸಮ ಇಲ್ಲದಿರುವುದು. ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಣುಕು, 20 ಮಿಲಿಸೆಕೆಂಡಿಗೆ ಬಂತು, ಮುಂದಿನದು 180ಕ್ಕೆ, ಅದರ ಮುಂದಿನದು 35ಕ್ಕೆ. ಫೈಲ್ ಇಳಿಸುವಾಗ ಇದು ಗೊತ್ತೇ ಆಗೋದಿಲ್ಲ, ಮಾತಿನಲ್ಲಿ ತಕ್ಷಣ ಗೊತ್ತಾಗುತ್ತೆ. ಪ್ಯಾಕೆಟ್ ಲಾಸ್ ಅಂದರೆ ಕೆಲವು ತುಣುಕು ಮುಟ್ಟದೇ ದಾರಿಯಲ್ಲೇ ಕಳೆದುಹೋಗುವುದು.

ಈಗ ಪತ್ತೆ ಮಾಡೋಣ. ಕಂಪ್ಯೂಟರಿನಲ್ಲಿ ಪಿಂಗ್ ಕಮಾಂಡ್ ಇರುತ್ತೆ. ಮೊದಲು ನಿಮ್ಮ ರೂಟರಿನ ಅಡ್ರೆಸ್‌ಗೇ ಪಿಂಗ್ ಮಾಡಿ, ಒಂದೆರಡು ನಿಮಿಷ ಬಿಡಿ. ಅಲ್ಲೇ ಅಂಕಿ 3ರಿಂದ 200ಕ್ಕೆ ಕುಣಿಯುತ್ತಿದ್ದರೆ ತೊಂದರೆ ಮನೆಯೊಳಗಿನ ವೈಫೈನಲ್ಲಿದೆ, ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ರೂಟರ್ ಹತ್ತಿರ ಕೂತು ಅಥವಾ ಕೇಬಲ್ ಹಾಕಿ ನೋಡಿ, ಅಥವಾ ವೈಫೈನ ಎರಡು ಬ್ಯಾಂಡ್‌ಗಳಲ್ಲಿ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್‌ಗೆ ಹೋಗಿ. 5 ಗೋಡೆ ದಾಟೋದು ಕಡಿಮೆ, ಆದರೆ ಅಕ್ಕಪಕ್ಕದವರ ವೈಫೈ ಗಲಾಟೆ ಅಲ್ಲಿ ಕಡಿಮೆ. ರೂಟರಿಗೆ ಪಿಂಗ್ ಸಮವಾಗಿದ್ದು ಹೊರಗಿನ ಸೈಟಿಗೆ ಮಾತ್ರ ಕುಣಿಯುತ್ತಿದ್ದರೆ ಕಣ್ಣು ಲೈನಿನ ಮೇಲೆ ಹಾಯಿಸಿ.

ದೂರು ಕೊಡುವ ಮೊದಲು ಇನ್ನೊಂದು ಪರೀಕ್ಷೆ ಇದೆ, ಇದನ್ನು ಯಾರೂ ಮಾಡೋದಿಲ್ಲ. ಹೊರಗಿನ ಸೈಟಿಗೆ ಪಿಂಗ್ ಓಡುತ್ತಿರುವಾಗಲೇ ಮನೆಯಲ್ಲಿ ಯಾರದ್ದಾದರೂ ಫೋನಿನ ಫೋಟೋ ಬ್ಯಾಕಪ್ ಶುರು ಮಾಡಿಸಿ. ಅಂಕಿ ಒಮ್ಮೆಲೇ ನೂರಾರಕ್ಕೆ ಏರಿದರೆ ಅಪ್‌ಲೋಡ್ ದಾರಿ ತುಂಬಿ ರೂಟರಿನಲ್ಲಿ ಸಾಲು ಬೆಳೆದಿದೆ ಅಂತ ತಿಳಿಯಿರಿ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಕಾಲ್ ಹೊತ್ತಿನಲ್ಲಿ ಬ್ಯಾಕಪ್ ನಿಲ್ಲಿಸಿ, ಅಥವಾ ರೂಟರಿನಲ್ಲಿ ಕ್ಯೂಒಎಸ್ ಸೆಟ್ಟಿಂಗ್ ಇದ್ದರೆ ಕಾಲ್‌ಗೆ ಮೊದಲ ಜಾಗ ಕೊಡಿ.

ಪ್ರಶ್ನೆ: ಫೋನಿನಲ್ಲಿ ಟವರ್ ಫುಲ್ ತೋರಿಸುತ್ತೆ, ನೆಟ್ ಮಾತ್ರ ಓಡೋದಿಲ್ಲ. ಹೇಗೆ?

ಆ ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಮುಟ್ಟುತ್ತಿದೆ ಅನ್ನೋದನ್ನ ಮಾತ್ರ. ಅದೇ ಟವರನ್ನು ಆ ಹೊತ್ತಿನಲ್ಲಿ ಎಷ್ಟು ಜನ ಹಂಚಿಕೊಂಡಿದ್ದಾರೆ ಅಂತ ಅವು ಹೇಳೋದಿಲ್ಲ. ಜನ ಜಾಸ್ತಿಯಾದರೆ ಸಿಗ್ನಲ್ ಫುಲ್ ಇದ್ದೂ ಪ್ರತಿಯೊಬ್ಬರಿಗೂ ಸಿಗುವ ಪಾಲು ಕಡಿಮೆ. ಸಂಜೆ ಮಾತ್ರ ಹೀಗಾಗಿ ನಡುರಾತ್ರಿ ಸರಿಹೋದರೆ ಕಾರಣ ಬಹುಮಟ್ಟಿಗೆ ಇದೇ.

ಎಷ್ಟಕ್ಕೆ ಎಷ್ಟು ಕಡ್ಡಿ ಅನ್ನೋದಕ್ಕೆ ಎಲ್ಲ ಫೋನಿಗೂ ಒಂದೇ ನಿಯಮ ಇಲ್ಲ, ಹಾಗಾಗಿ ಎರಡು ಫೋನಿನ ಕಡ್ಡಿ ಹೋಲಿಸಿ ಜಗಳ ಬೇಡ. ನಿಜವಾದ ಅಳತೆ ಡಿಬಿಎಂ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿವರದ ಜಾಗದಲ್ಲಿ ಸಾಮಾನ್ಯವಾಗಿ ಸಿಗುತ್ತೆ. ಅಂಕಿ ಮೈನಸ್‌ನಲ್ಲಿರುತ್ತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 80 ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ. ನೋಡೋಕೆ 30 ಅಷ್ಟೇ ವ್ಯತ್ಯಾಸ. ಆದರೆ ಇಲ್ಲಿ ಪ್ರತಿ 10ಕ್ಕೆ ಬಲ ಹತ್ತು ಪಟ್ಟು ಬದಲಾಗುತ್ತೆ, ಅಂದರೆ 30ಕ್ಕೆ ಸಾವಿರ ಪಟ್ಟು!

ಪ್ರಶ್ನೆ: ಚಿಕ್ಕ ಕನ್ನಡ ಮೆಸೇಜ್ ಕಳಿಸಿದರೂ ಎರಡು ಎಸ್‌ಎಂಎಸ್ ಅಂತ ಲೆಕ್ಕ ಹಿಡಿಯುತ್ತಾರೆ. ಯಾಕೆ?

ಒಂದು ಎಸ್‌ಎಂಎಸ್‌ನಲ್ಲಿ ಇರೋ ಜಾಗ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತೆ. ಕನ್ನಡ ಸಾಮಾನ್ಯವಾಗಿ ಯೂನಿಕೋಡ್‌ನಲ್ಲಿ ಹೋಗುತ್ತೆ, ಅಲ್ಲಿ ಒಂದೊಂದು ಗುರುತಿಗೂ 16 ಬಿಟ್. ಹಾಗಾಗಿ 70ಕ್ಕೇ ಮುಗಿಯಿತು. ಅದರಲ್ಲೂ ನಮ್ಮ ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆಬೇರೆ ಎಣಿಕೆ. 'ನಮಸ್ಕಾರ' ಕಣ್ಣಿಗೆ ನಾಲ್ಕು ಅಕ್ಷರ, ಎಸ್‌ಎಂಎಸ್ ಲೆಕ್ಕಕ್ಕೆ ಏಳು: ನ, ಮ, ಸ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಕ, ದೀರ್ಘ, ರ. 'ಸ್ತ್ರೀ' ಒಂದೇ ಅಕ್ಷರ, ಲೆಕ್ಕಕ್ಕೆ ಆರು. 70 ದಾಟಿದರೆ ಮೆಸೇಜ್ ತುಂಡಾಗುತ್ತೆ, ತುಂಡುಗಳನ್ನು ಮತ್ತೆ ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಆಮೇಲೆ ತುಂಡಿಗೆ 67 ಮಾತ್ರ. ಇಂಗ್ಲಿಷ್ ಮೆಸೇಜಿಗೆ ಸುಮ್ನೆ ಒಂದು ಎಮೋಜಿ ಸೇರಿಸಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬೀಳುತ್ತೆ. ಇಂಟರ್ನೆಟ್ ಮೂಲಕ ಹೋಗುವ ಚಾಟ್ ಆ್ಯಪ್‌ಗಳಿಗೆ ಈ ಮಿತಿ ಇಲ್ಲ, ಅಲ್ಲಿ ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ.

ಪ್ರಶ್ನೆ: ಅನ್‌ಲಿಮಿಟೆಡ್ ಪ್ಲಾನ್. ಆದರೂ ತಿಂಗಳ ಕೊನೆಗೆ ನೆಟ್ ತೆವಳುತ್ತೆ.

ಪ್ಲಾನಿನ ಷರತ್ತಿನಲ್ಲಿ ಎಫ್‌ಯುಪಿ ಅಂತ ಹುಡುಕಿ. ಇಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಷ್ಟಕ್ಕೆ ಇಳಿಯುತ್ತೆ ಅಂತ ಬರೆದಿರುತ್ತೆ. ಇಳಿದ ಮೇಲೆ ಎಷ್ಟು ಸಿಗುತ್ತೆ ಅನ್ನೋದು ಮುಖ್ಯ. 1 ಎಂಬಿಪಿಎಸ್ ಅಂದರೆ 1 ಜಿಬಿ ಫೈಲಿಗೆ ಎರಡು ಗಂಟೆಗೂ ಜಾಸ್ತಿ ಬೇಕು.

ಪ್ರಶ್ನೆ: ಸಿಮ್ ಪಿಯುಕೆ ಕೇಳ್ತಿದೆ. ಏನು ಹಾಕಲಿ?

ಸಿಮ್‌ನ ಪಿನ್ ಮೂರು ಸಲ ತಪ್ಪು ಹಾಕಿದರೆ ಹೀಗೆ ಕೇಳುತ್ತೆ. ಊಹೆ ಮಾಡಿ ಮಾತ್ರ ಏನನ್ನೂ ಹಾಕಬೇಡಿ. ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ಹೋಯಿತು, ಹೊಸದೇ ತಗೊಳ್ಳಬೇಕು. 8 ಅಂಕಿಯ ಪಿಯುಕೆ ಸಿಮ್ ಬಂದ ಕಾರ್ಡಿನ ಮೇಲೆ ಇರಬಹುದು. ಇಲ್ಲದಿದ್ದರೆ ಕಂಪನಿಯವರನ್ನೇ ಕೇಳಿ.

ಪ್ರಶ್ನೆ: ಮನೆಯ ಕ್ಯಾಮೆರಾವನ್ನು ಹೊರಗಿಂದ ನೋಡೋಕೆ ಆಗ್ತಿಲ್ಲ. 'ಸಿಜಿನ್ಯಾಟ್ ಇದೆ' ಅಂತಾರೆ.

ಇಂಟರ್ನೆಟ್ ಅಡ್ರೆಸ್ ಕೊಡುವ ಹಳೆಯ ಐಪಿವಿ4 ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ಅಡ್ರೆಸ್. ಎಲ್ಲರಿಗೂ ಸಾಲೋದಿಲ್ಲ, ಅದಕ್ಕೆ ಕಂಪನಿ ಒಂದೇ ಅಡ್ರೆಸನ್ನು ಹಲವು ಮನೆಗೆ ಹಂಚುತ್ತೆ. ಇದೇ ಸಿಜಿನ್ಯಾಟ್. ನೀವು ಹೊರಗೆ ಹೋಗಬಹುದು, ಹೊರಗಿನಿಂದ ನೇರವಾಗಿ ನಿಮ್ಮ ಮನೆ ಹುಡುಕಿಕೊಂಡು ಬರೋಕೆ ಆಗೋದಿಲ್ಲ. ರೂಟರ್ ಪೇಜಿನಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ಅಡ್ರೆಸ್ ನೋಡಿ, 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಇದೇ ಕಾರಣ. ಹೊರಗಿನಿಂದಲೂ ಮುಟ್ಟಬಹುದಾದ ಅಡ್ರೆಸ್, ಅಂದರೆ ಪಬ್ಲಿಕ್ ಐಪಿ ಕೊಡಿ ಅಂತ ಕೇಳಿ. ಸಿಕ್ಕ ದಿನವೇ ಕ್ಯಾಮೆರಾದ ಹಳೆಯ ಪಾಸ್‌ವರ್ಡ್ ಬದಲಾಯಿಸಿ, ಯಾಕೆಂದರೆ ಈಗ ಬೇರೆಯವರೂ ಅದರ ಬಾಗಿಲು ತಟ್ಟಬಹುದು.

ಪ್ರಶ್ನೆ: ಫೈಬರ್ ಬಾಕ್ಸಿನಲ್ಲಿ ಎಲ್‌ಒಎಸ್ ಅನ್ನೋ ಕೆಂಪು ಲೈಟ್ ಮಿನುಗುತ್ತಿದೆ.

ಬೆಳಕಿನ ಸಿಗ್ನಲ್ ಬಾಕ್ಸಿಗೆ ಬರುತ್ತಿಲ್ಲ. ವೈಫೈ ಪಾಸ್‌ವರ್ಡ್ ಬದಲಿಸಿ, ರೂಟರ್ ರೀಸೆಟ್ ಮಾಡಿ ಹೊತ್ತು ಕಳೆಯಬೇಡಿ. ಫೈಬರ್ ವೈರ್ ಎಲ್ಲಾದರೂ ಮಡಚಿಕೊಂಡಿದೆಯಾ, ಸಡಿಲವಾಗಿದೆಯಾ ಅಂತ ಮೇಲಿಂದ ನೋಡಿ, ಆಮೇಲೆ ಫೋನ್ ಮಾಡಿ 'ಎಲ್‌ಒಎಸ್ ಕೆಂಪು ಇದೆ' ಅಂತ ಮೊದಲ ಮಾತಿನಲ್ಲೇ ಹೇಳಿ. ವೈರ್ ಬಿಚ್ಚಿ ತುದಿಯೊಳಗೆ ಮಾತ್ರ ಇಣುಕಬೇಡಿ. ಅದರಲ್ಲಿ ಓಡುವ ಲೇಸರ್ ಕಣ್ಣಿಗೆ ಕಾಣೋದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.